ನಾನಿಯ ಸಾಕ್ಷಿ

ಹೈದರಾಬಾದಿನ ಕೋಠಿಯಲ್ಲಿ ಬಸ್ಸಿಳಿದು ಗದ್ದಲ ದಾಟಿ ಒಳಹೊಕ್ಕರೆ ಮರಗಳ ಹಿಂದೆ ಎತ್ತರದ ಕಂಬಗಳ ಒಂದು ದೊಡ್ಡ ಮಹಲು ಕಾಣುತ್ತದೆ. ಮೆಟ್ಟಿಲುಗಳ ಎರಡೂ ಬದಿಗೆ ಸಿಂಹಗಳು. 1949ರಿಂದ ಅದು ಹೆಣ್ಣುಮಕ್ಕಳ ಕಾಲೇಜಾಗಿತ್ತು, 2022ರಲ್ಲಿ ಮಹಿಳಾ ವಿಶ್ವವಿದ್ಯಾಲಯವಾಯಿತು. ಅದಕ್ಕೂ ಮೊದಲು ಅದು ಬ್ರಿಟಿಷ್ ರೆಸಿಡೆಂಟನ ನಿವಾಸ. ಕಟ್ಟಿಸಿದವನು ಈಸ್ಟ್ ಇಂಡಿಯಾ ಕಂಪೆನಿಯ ಮದ್ರಾಸು ಸೈನ್ಯದ ಅಧಿಕಾರಿ ಜೇಮ್ಸ್ ಅಕಿಲೀಸ್ ಕಿರ್ಕ್‌ಪ್ಯಾಟ್ರಿಕ್.

ಈತನ ಹೆಸರು ಬಂದಾಗಲೆಲ್ಲ ಜನ ಹೇಳುವುದು ಒಂದು ಪ್ರೇಮಕತೆಯನ್ನು. ಇಂಗ್ಲಿಷ್ ಸಾಹೇಬ, ಪರ್ದಾದೊಳಗಿನ ಸುಂದರಿ, ಬಚ್ಚಿಟ್ಟ ನಿಕಾಹ್. ಕತೆ ಬರೆಯುವ ಚಟವಿರುವ ನಮಗೂ ಮೊದಲು ಕಣ್ಣಿಗೆ ಬಿದ್ದದ್ದು ಅದೇ. ಆದರೆ ಈ ಸಂಸಾರದ ಸಂಗತಿಗಳನ್ನು ಓದುತ್ತ ಹೋದಂತೆ ಸಾಹೇಬನೂ ಸುಂದರಿಯೂ ಹಿಂದೆ ಸರಿದು, ಇನ್ನೊಬ್ಬ ಹೆಂಗಸು ಮುಂದೆ ಬಂದು ನಿಂತಳು. ಅವಳು ಸುಂದರಿಯ ತಾಯಿ ಶರಫುನ್ನಿಸಾ ಬೇಗಂ. ಎಲ್ಲರನ್ನೂ ಮಣ್ಣಿಗಿಟ್ಟು, ಎಲ್ಲರ ಪರವಾಗಿ ಸಾಕ್ಷಿ ಹೇಳಲು ಉಳಿದವಳು ಅವಳೊಬ್ಬಳೇ.

ಮೊದಲು ಸಾಹೇಬನ ವಿಷಯ. ಕಿರ್ಕ್‌ಪ್ಯಾಟ್ರಿಕ್ ಹುಟ್ಟಿದ್ದು 1764ರಲ್ಲಿ, ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ. ತಂದೆಯೂ ಕಂಪೆನಿಯ ಸೈನ್ಯದವನೇ. ಓದಿಗೆಂದು ಇಂಗ್ಲೆಂಡಿಗೆ ಹೋದ ಹುಡುಗ ಹದಿಹರೆಯದಲ್ಲೇ ಸಿಪಾಯಿಗಿರಿಗೆ ಮರಳಿದ. ಅವನ ಮಲ ಅಣ್ಣ ವಿಲಿಯಂ ಫಾರ್ಸಿಯ ದೊಡ್ಡ ಪಂಡಿತ, ನಿಜಾಮನ ದರ್ಬಾರಿನಲ್ಲಿ ಕಂಪೆನಿಯ ರೆಸಿಡೆಂಟ್. ಅಣ್ಣನ ಸಹಾಯಕನಾಗಿ ಹೈದರಾಬಾದಿಗೆ ಬಂದ ಜೇಮ್ಸ್, ಅಣ್ಣನ ಆರೋಗ್ಯ ಕೆಟ್ಟಾಗ ಅವನ ಜಾಗದಲ್ಲಿ ಕುಳಿತ. ಉರ್ದು, ಫಾರ್ಸಿ ಸಲೀಸು. ಮನೆಯಲ್ಲಿ ಮೊಗಲ್ ಉಡುಪು, ಹುಕ್ಕಾ, ಅಂಗೈಗೆ ಮೆಹಂದಿ. ನಿಜಾಮ್ ಅಲಿ ಖಾನ್ ಅವನಿಗೆ ಹಷ್ಮತ್ ಜಂಗ್ ಎಂಬ ಬಿರುದು ಕೊಟ್ಟ.

ಮೆಹಂದಿ ಹಚ್ಚಿದ ಈ ಕೈಯೇ ಏನೇನಕ್ಕೆ ಸಹಿ ಹಾಕಿತೆಂಬುದನ್ನು ಪ್ರೇಮಕತೆ ಹೇಳುವವರು ಬೇಗ ದಾಟಿಬಿಡುತ್ತಾರೆ. ಕನ್ನಡ ನಾಡಿನವರಾದ ನಾವು ಹಾಗೆ ದಾಟುವಂತಿಲ್ಲ. 1798ರ ಸೆಪ್ಟೆಂಬರ್ ಒಪ್ಪಂದದಿಂದ ನಿಜಾಮ ಕಂಪೆನಿಯ ಹಂಗಿಗೆ ಬಿದ್ದ. ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿದ್ದ ಫ್ರೆಂಚ್ ಪಡೆಯ ಹತ್ತು ಸಾವಿರಕ್ಕೂ ಮಿಕ್ಕಿದ ಸಿಪಾಯಿಗಳ ಕೈಯಿಂದ ಬಂದೂಕು ಕಸಿದದ್ದಾಯಿತು. ಟಿಪ್ಪು ಸುಲ್ತಾನರಿಗೆ ಆ ದಿಕ್ಕಿನಿಂದ ಬರಬಹುದಾಗಿದ್ದ ಆಸರೆ ಹೀಗೆ ತಪ್ಪಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಕೋಟೆಯ ಹೊರಗೆ ನಿಜಾಮನ ಪಡೆಯೂ ಇತ್ತು. ಅದರ ಜತೆಗೆ ಬಂದಿದ್ದವನು ಮೀರ್ ಆಲಂ. ಹೈದರಾಬಾದಿನ ಮೀರ್ ಆಲಂ ಕೆರೆಯನ್ನು ಕಟ್ಟಿಸಿದ್ದು ಶ್ರೀರಂಗಪಟ್ಟಣದ ಲೂಟಿಯಲ್ಲಿ ಅವನಿಗೆ ಬಂದ ಪಾಲಿನಿಂದ ಎಂದು ಹೇಳುತ್ತಾರೆ. ಮರುವರ್ಷ, 1800ರ ಅಕ್ಟೋಬರಿನಲ್ಲಿ ಇನ್ನೊಂದು ಒಪ್ಪಂದ. ಮೈಸೂರಿನ ಯುದ್ಧಗಳಿಂದ ನಿಜಾಮನಿಗೆ ದಕ್ಕಿದ್ದ ಸೀಮೆ ಕಂಪೆನಿಯ ಪಾಲಾಯಿತು. ಅದರಲ್ಲಿ ನಮ್ಮ ಬಳ್ಳಾರಿಯೂ ಇತ್ತು. ಕಂಪೆನಿಯ ಪರವಾಗಿ ಎರಡೂ ಒಪ್ಪಂದ ಕುದುರಿಸಿದವನು ಕಿರ್ಕ್‌ಪ್ಯಾಟ್ರಿಕ್. ಆಗಿನ್ನೂ ಬರಿಯ ಕ್ಯಾಪ್ಟನ್. ಬಳ್ಳಾರಿ 1953ರವರೆಗೆ ಮದರಾಸಿನವರ ಕೈಕೆಳಗೆ ಇದ್ದುದರ ಬೇರು ಅಲ್ಲಿದೆ.

ಇದೇ ಎರಡು ವರ್ಷಗಳಲ್ಲಿ ಅವನ ಮನೆಯ ಕತೆಯೂ ನಡೆಯಿತು. ಕಂಪೆನಿಯ ಪಡೆಗೆ ನಿಜಾಮನ ಕಡೆಯಿಂದ ಸಂಬಳ ಬಟವಾಡೆ ಮಾಡುತ್ತಿದ್ದ ಬಕ್ಷಿ ಬಾಕರ್ ಅಲಿ ಖಾನ್, ಇರಾನಿನಿಂದ ಬಂದ ಸಯ್ಯದ್ ಮನೆತನದವನು, ಮೀರ್ ಆಲಂನ ಹತ್ತಿರದ ರಕ್ತಸಂಬಂಧಿ. ಅವನ ಮಗಳು ಶರಫುನ್ನಿಸಾ ಗಂಡನನ್ನು ಕಳೆದುಕೊಂಡು ಇಬ್ಬರು ಹೆಣ್ಣುಮಕ್ಕಳೊಂದಿಗೆ ತವರಿನಲ್ಲಿದ್ದಳು. ಹಿರಿಯವಳ ಮದುವೆಯ ಸಂಭ್ರಮದಲ್ಲಿ ಕಿರಿಯವಳು ಖೈರುನ್ನಿಸಾ ಈ ಸಾಹೇಬನನ್ನು ನೋಡಿದಳು, ಅವನೂ ನೋಡಿದ. ಅವಳಿಗೆ ಆಗ ಹದಿನಾಲ್ಕರ ಆಸುಪಾಸು, ಅವನಿಗೆ ಮೂವತ್ತನಾಲ್ಕು. ಆ ಕಾಲಕ್ಕೆ ಅದು ಹುಬ್ಬೇರಿಸುವ ವಯಸ್ಸಲ್ಲ ಎನ್ನುವವರಿದ್ದಾರೆ. ಹೆಣ್ಣುಮಕ್ಕಳಿರುವ ಮನೆಯಿಂದ ಬರೆಯುತ್ತಿರುವ ನಮಗೆ ಆ ಅಂಕಿ ಓದಿದಾಗಲೆಲ್ಲ ತುಸು ಇರಿಸುಮುರಿಸು. ಹುಡುಗಿಗೆ ಆಗಲೇ ಬೇರೆ ಕಡೆ ಸಂಬಂಧ ಗೊತ್ತಾಗಿತ್ತು, ಅವಳಿಗೆ ಅದು ಬೇಡವಾಗಿತ್ತು. ಮನೆಯ ಗಂಡಸರು ಕೆರಳಿದರು. ಮನೆಯ ಹೆಂಗಸರು ಹುಡುಗಿಯ ಪರ ನಿಂತರು.

ಸುದ್ದಿ ಬೀದಿಗೆ ಬಿತ್ತು. ಶ್ರೀರಂಗಪಟ್ಟಣ ಗೆದ್ದು ಮರಳಿದ ಮೀರ್ ಆಲಂ ಇದನ್ನು ಕಂಪೆನಿಯ ದೊಡ್ಡವರ ಕಿವಿಗೆ ಹಾಕಿದ. 1801ರಲ್ಲಿ ಮದ್ರಾಸಿನಲ್ಲಿ ಗವರ್ನರನೇ ಕುಳಿತು, ಹೈದರಾಬಾದಿನಲ್ಲಿದ್ದು ಬಂದ ಅಧಿಕಾರಿಗಳಿಗೆ ಪ್ರಮಾಣ ಮಾಡಿಸಿ ಗುಟ್ಟಾಗಿ ವಿಚಾರಣೆ ನಡೆಸಿದ. ಅಷ್ಟರಲ್ಲಿ ನಿಕಾಹ್ ಮುಗಿದಿತ್ತು. ಕಿರ್ಕ್‌ಪ್ಯಾಟ್ರಿಕ್ ಕಲಿಮಾ ಓದಿ ಮುಸಲ್ಮಾನನಾದ ಮೇಲೆ, ಶಿಯಾ ಪದ್ಧತಿಯಂತೆ, ಒಬ್ಬ ಮುಜ್ತಹಿದ್ ಮನೆಯೊಳಗೇ ಗುಟ್ಟಾಗಿ ನಿಕಾಹ್ ಓದಿಸಿದ. ಆ ಕಲಿಮಾ ಹುಡುಗಿಗಾಗಿಯೋ ಅಲ್ಲಾಹನಿಗಾಗಿಯೋ ಎಂದು ಇವತ್ತಿಗೂ ಚರ್ಚೆ ಮಾಡುವವರಿದ್ದಾರೆ. ಎದೆಯೊಳಗಿನ ಈಮಾನನ್ನು ತೂಗುವ ತಕ್ಕಡಿ ನಮ್ಮ ಬಳಿ ಇಲ್ಲ. ಆದರೆ ಕಾಗದದ ಮೇಲೆ ಬರೆದದ್ದನ್ನು ಓದಬಹುದು. ಆ ಕಾಗದದ ಮಾತು ಮುಂದೆ ಬರುತ್ತದೆ.

1801ರ ಮಾರ್ಚಿನಲ್ಲಿ ಮಗ ಹುಟ್ಟಿದ. ಮೀರ್ ಗುಲಾಂ ಅಲಿ, ಕರೆಯುವ ಹೆಸರು ಸಾಹಿಬ್ ಆಲಂ. ಮರುವರ್ಷ ಏಪ್ರಿಲಿನಲ್ಲಿ ಮಗಳು. ನೂರುನ್ನಿಸಾ, ಸಾಹಿಬ್ ಬೇಗಂ. ರೆಸಿಡೆನ್ಸಿಯ ಆವರಣದಲ್ಲಿ ಬೇಗಂಗೆಂದೇ ರಂಗ್ ಮಹಲ್ ಎಂಬ ಜನಾನಾ ಎದ್ದಿತು. ಮುಂದೆ ಕಟ್ಟಿದ ಮಹಲಿನ ಮುಂಭಾಗವನ್ನು ಪರ್ದಾದಲ್ಲಿದ್ದ ಹೆಂಡತಿ ನೋಡಲಾರಳೆಂದು, ಅದರದೇ ಪುಟ್ಟ ಮಾದರಿಯನ್ನು ಅವಳ ತೋಟದಲ್ಲಿ ಕಟ್ಟಿಸಿದನೆಂದು ಹೇಳುತ್ತಾರೆ.

ಮಕ್ಕಳಿಗೆ ಐದು ತುಂಬುವ ಮೊದಲೇ ಅವರನ್ನು ಇಂಗ್ಲೆಂಡಿಗೆ ಕಳಿಸುವುದು ಅಪ್ಪನ ತೀರ್ಮಾನ. ಇದರ ಹಿಂದೆ ಕಂಪೆನಿಯ ಕಾನೂನಿತ್ತು. ಕಾರ್ನ್‌ವಾಲಿಸನ ಕಾಲದಲ್ಲಿ, 1791ರಲ್ಲಿ, ತಂದೆ ತಾಯಿಯರಲ್ಲಿ ಒಬ್ಬರು ಹಿಂದುಸ್ತಾನದವರಾದರೆ ಅಂಥವರಿಗೆ ಕಂಪೆನಿಯ ಅಧಿಕಾರದ ಹುದ್ದೆ ಇಲ್ಲವೆಂದಾಯಿತು. 1795ರ ಹೊತ್ತಿಗೆ ಸೈನ್ಯದಲ್ಲಿ ಅವರಿಗೆ ಉಳಿದದ್ದು ಕೊಳಲೂದುವ, ನಗಾರಿ ಬಾರಿಸುವ, ಕುದುರೆಗೆ ಲಾಳ ಹೊಡೆಯುವ ಕೆಲಸ. ರೆಸಿಡೆಂಟನ ಮಗನಾದರೂ ಅಷ್ಟೇ. ಚರ್ಮ ಬಿಳಿಯಾಗಿದ್ದ ಮಕ್ಕಳು ಇಂಗ್ಲೆಂಡಿನಲ್ಲಿ ಬೆಳೆದರೆ ಇಂಗ್ಲಿಷರಾಗಿಯೇ ಬಾಳಬಹುದೆಂಬುದು ಅಪ್ಪನ ಲೆಕ್ಕ. ತಾಯಿಯನ್ನು ಆ ಲೆಕ್ಕದಲ್ಲಿ ಯಾರೂ ಸೇರಿಸಲಿಲ್ಲ.

1805ರಲ್ಲಿ ಮಕ್ಕಳು ಮದ್ರಾಸಿಗೆ ಹೊರಟರು. ಹಡಗು ಹತ್ತುವ ಮುನ್ನ ಜಾರ್ಜ್ ಚಿನ್ನರಿ ಎಂಬ ಚಿತ್ರಕಾರ ಅವರಿಬ್ಬರ ದೊಡ್ಡ ಚಿತ್ರ ಬರೆದ. ಮೈಮೇಲೆ ಹೈದರಾಬಾದಿನ ಬಟ್ಟೆ. ಹಾಗೆ ಅವರು ಕಂಡದ್ದು ಅದೇ ಕೊನೆ. ಅದೇ ವರ್ಷ ಕಲ್ಕತ್ತೆಗೆ ಹೋದ ಕಿರ್ಕ್‌ಪ್ಯಾಟ್ರಿಕ್ ಅಲ್ಲಿ ಅಕ್ಟೋಬರ್ 15ರಂದು ತೀರಿಕೊಂಡ. ವಯಸ್ಸು ನಲವತ್ತೊಂದು.

ಅವನು ಬರೆದಿಟ್ಟ ವಿಲ್ ಉಳಿದಿದೆ. ಅದರಲ್ಲಿ ಖೈರುನ್ನಿಸಾಳನ್ನು ಗೌರವದಿಂದ ಹೆಸರಿಸಿದ್ದಾನೆ, ತನ್ನ ಪ್ರೀತಿಯ ಗುರುತಾಗಿ ಹತ್ತು ಸಾವಿರ ಹೈದರಾಬಾದಿ ರೂಪಾಯಿ ಬಿಟ್ಟಿದ್ದಾನೆ. ಆದರೆ ಹೆಂಡತಿ ಎಂಬ ಮಾತಿಲ್ಲ. ಮಕ್ಕಳ ತಾಯಿ, ಅಷ್ಟೇ. ಆ ಮಕ್ಕಳನ್ನೂ ಇಂಗ್ಲಿಷ್ ಕಾನೂನು ಮದುವೆಯಾಚೆ ಹುಟ್ಟಿದವರಿಗೆ ಬಳಸುವ ಪದದಿಂದಲೇ ಕರೆದಿದ್ದಾನೆ. ಚರ್ಚಿನಲ್ಲಾಗದ ಮದುವೆಯನ್ನು ಇಂಗ್ಲೆಂಡಿನ ಕೋರ್ಟು ಒಪ್ಪಲಾರದು, ಮಕ್ಕಳ ಪಾಲಿಗೆ ಕುತ್ತು ಬಾರದಿರಲೆಂದು ಹಾಗೆ ಬರೆದಿರಬಹುದು ಎಂಬುದು ನಮ್ಮ ಊಹೆ. ಹಾಗಿದ್ದರೂ, ಕಾಜಿಯ ಮುಂದೆ ‘ಕಬೂಲ್’ ಎಂದವನು ವಕೀಲನ ಮುಂದೆ ಆ ಮಾತು ನುಂಗಿದ. ಒಂದು ಸಯ್ಯದ್ ಮನೆತನದ ಹೆಣ್ಣಿಗೆ ಇದರ ಬೆಲೆ ಎಷ್ಟೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಪ್ಪತ್ತರ ವಿಧವೆ ತಾಯಿಯ ಜತೆ ಕಲ್ಕತ್ತೆಗೆ ಹೋಗಿ ಗಂಡನ ಸಮಾಧಿ ನೋಡಿದಳು. ಅಲ್ಲಿ ಗಂಡನ ಕೈಕೆಳಗಿದ್ದ ಹೆನ್ರಿ ರಸೆಲ್ ಹತ್ತಿರವಾದ. ಸುದ್ದಿ ಹಬ್ಬಿತು. ದಿವಾನನಾಗಿದ್ದ ಮೀರ್ ಆಲಂ ಅವಳು ಹೈದರಾಬಾದಿಗೆ ಕಾಲಿಡದಂತೆ ಮಾಡಿದ. ಮಚಲೀಪಟ್ಟಣದಲ್ಲಿ ತಾಯಿ ಮಗಳು ದಿನ ಎಣಿಸುತ್ತಿರುವಾಗ, ರಸೆಲ್ ಮದ್ರಾಸಿನಲ್ಲಿ ಬೇರೊಬ್ಬಳನ್ನು ಮದುವೆಯಾದ. ಮೀರ್ ಆಲಂ ಸತ್ತ ಮೇಲಷ್ಟೇ ಅವರು ಊರಿಗೆ ಮರಳಿದರು. 1813ರ ಸೆಪ್ಟೆಂಬರಿನಲ್ಲಿ ಖೈರುನ್ನಿಸಾ ತೀರಿಕೊಂಡಳು. ಮಕ್ಕಳ ಮುಖ ಮತ್ತೆ ಕಾಣಲಿಲ್ಲ.

ಮಕ್ಕಳಿಗೆ ಅಷ್ಟರಲ್ಲಿ ಬೇರೆ ಹೆಸರಾಗಿತ್ತು. 1806ರ ಮಾರ್ಚಿನಲ್ಲಿ ಲಂಡನ್ನಿನ ಸೇಂಟ್ ಮೇರಿಲಿಬೋನ್ ಚರ್ಚಿನಲ್ಲಿ ಸಾಹಿಬ್ ಆಲಂ ವಿಲಿಯಂ ಜಾರ್ಜ್ ಆದ, ಸಾಹಿಬ್ ಬೇಗಂ ಕ್ಯಾಥರೀನ್ ಅರೋರಾ ಆದಳು. ಮನೆಯವರಿಗೆ ಕಿಟ್ಟಿ. ಅಣ್ಣನ ಬಾಳು ಸುಖವಾಗಲಿಲ್ಲ. 1812ರಲ್ಲಿ ಕುದಿಯುವ ನೀರಿನ ಹಂಡೆಗೆ ಬಿದ್ದು ಅಂಗವಿಕಲನಾದ. 1828ರಲ್ಲಿ ಸತ್ತಾಗ ಇಪ್ಪತ್ತೇಳು ವರ್ಷ, ತಾಯಿ ಸತ್ತ ವಯಸ್ಸಿನ ಆಸುಪಾಸೇ. ಕಿಟ್ಟಿ ಚೆಲುವೆಯಾಗಿ ಬೆಳೆದಳು. ಆಗಿನ್ನೂ ಬಡ ಮೇಷ್ಟರಾಗಿದ್ದ ಥಾಮಸ್ ಕಾರ್ಲೈಲ್ ಅವಳಿಗೆ ಮನಸೋತಿದ್ದ. ಅವನ ‘ಸಾರ್ಟರ್ ರಿಸಾರ್ಟಸ್’ನ ಬ್ಲೂಮಿನ್ ಇವಳೇ ಎನ್ನುತ್ತಾರೆ. ಪ್ರವಾದಿಯವರನ್ನು ಕುರಿತು 1840ರಲ್ಲಿ ಗೌರವದಿಂದ ಉಪನ್ಯಾಸ ಮಾಡಿದ ಕಾರ್ಲೈಲ್ ಇವನೇ. ಆ ಎರಡಕ್ಕೂ ನಂಟು ಹಚ್ಚುವ ಆಸೆ ನಮಗೂ ಆಯಿತು, ಆದರೆ ಆಧಾರವಿಲ್ಲದೆ ಹಚ್ಚಬಾರದು. ಕಿಟ್ಟಿ 1829ರಲ್ಲಿ ಒಬ್ಬ ಕುದುರೆ ಪಡೆಯ ಕ್ಯಾಪ್ಟನನ ಕೈ ಹಿಡಿದಳು.

ಮದುವೆಯಾಗಿ ಹತ್ತು ವರ್ಷ ದಾಟಿದ ಮೇಲೆ ಒಂದು ದಿನ ಅವಳು ಸ್ವಾಲೋಫೀಲ್ಡ್ ಎಂಬ ದೊಡ್ಡ ಮನೆಗೆ ಹೋದಳು. ಅದು ಹೆನ್ರಿ ರಸೆಲನ ಮನೆ. ಅಲ್ಲಿ ಗೋಡೆಯ ಮೇಲೆ ಚಿನ್ನರಿಯ ಚಿತ್ರ. ತಾನು, ತನ್ನ ಅಣ್ಣ, ಹೈದರಾಬಾದಿನ ಬಟ್ಟೆಯಲ್ಲಿ. ಕಿಟ್ಟಿ ನಿಂತಲ್ಲೇ ಅತ್ತುಬಿಟ್ಟಳು. ನಾನಿ ಇನ್ನೂ ಬದುಕಿದ್ದಾಳೆಂಬ ವಿಷಯವೂ ಆ ದಿನಗಳಲ್ಲೇ ಖಚಿತವಾಗಿ, ಹೈದರಾಬಾದಿನ ರೆಸಿಡೆನ್ಸಿಯಲ್ಲಿದ್ದ ಡಂಕನ್ ಮಾಲ್ಕಮ್ ಎಂಬ ಅಧಿಕಾರಿಯ ಮೂಲಕ ಕಾಗದ ಓಡಾಡತೊಡಗಿತು. ನಾನಿ ಬರೆಸುತ್ತಿದ್ದದ್ದು ಫಾರ್ಸಿಯಲ್ಲಿ, ಮೊಮ್ಮಗಳು ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಮಧ್ಯೆ ಅನುವಾದಕ. ನಮಗೆ ಇಲ್ಲಿ ಕಿರ್ಕ್‌ಪ್ಯಾಟ್ರಿಕ್‌ನ ಅಣ್ಣ ವಿಲಿಯಂ ನೆನಪಾಗುತ್ತಾನೆ. ಶ್ರೀರಂಗಪಟ್ಟಣದ ಅರಮನೆಯಲ್ಲಿ ಸಿಕ್ಕ ಟಿಪ್ಪು ಸುಲ್ತಾನರ ಫಾರ್ಸಿ ಪತ್ರಗಳನ್ನು ಇಂಗ್ಲಿಷಿಗೆ ತಂದು, ಸುಲ್ತಾನರನ್ನು ಕ್ರೂರಿ, ಮತಾಂಧ ಎಂದು ಕಾಣಿಸುವ ಟಿಪ್ಪಣಿ ಜೋಡಿಸಿ 1811ರಲ್ಲಿ ಅಚ್ಚು ಹಾಕಿಸಿದವನು ಅವನು. ಅದೇ ಫಾರ್ಸಿ ಆ ಮನೆತನದ ಹುಡುಗಿಗೆ ಒಂದಕ್ಷರವೂ ಬಾರದು.

ಬೇರ್ಪಟ್ಟ ದಿನ ತಾಯಿ ಎಲ್ಲಿ ಕುಳಿತಿದ್ದಳು, ಹೇಗೆ ಕೂಗಿ ಅತ್ತಳು, ತನ್ನ ನೀಳ ಕೂದಲನ್ನು ಹೇಗೆ ಕಿತ್ತುಕೊಂಡಳು ಎಂಬುದು ಕಣ್ಣಿಗೆ ಕಟ್ಟಿದಂತಿದೆ ಎಂದು ಕಿಟ್ಟಿ ನಾನಿಗೆ ಬರೆದಳು. ಆ ಕೂದಲಿನ ಒಂದು ಎಳೆ ಸಿಗುವುದಾದರೆ ಏನು ಬೇಕಾದರೂ ಕೊಟ್ಟೇನು ಎಂದಳು. ಬಿಟ್ಟುಬಂದಾಗ ಅವಳಿಗೆ ಮೂರು ವರ್ಷ. ಇಷ್ಟು ಕಾಲ ಬರೆಯಬೇಕೆಂಬ ಆಸೆಯಿದ್ದರೂ, ಬರೆದರೆ ಕಾಗದವನ್ನು ನಡುವೆಯೇ ತಡೆದಾರೆಂಬ ಅಳುಕಿನಿಂದ ಬರೆಯಲಿಲ್ಲವೆಂದೂ ಹೇಳಿಕೊಂಡಳು.

ನಾನಿ ಆ ಹೊತ್ತಿಗೆ ಆಸ್ತಿಯೆಲ್ಲ ಕಳೆದುಕೊಂಡ ಮುದುಕಿ. ತಂದೆ, ಗಂಡ, ಅಳಿಯ, ಮಗಳು, ಮೊಮ್ಮಗ ಎಲ್ಲ ಹೋದವರು. ಈ ಕಾಗದಗಳ ಕಾಲದಲ್ಲೇ ಆಕೆ ಒಂದು ಮಾತನ್ನು ಹೇಳಿ ದಾಖಲೆ ಮಾಡಿಸಿದಳು: ಅಳಿಯ ಇಸ್ಲಾಂ ಸ್ವೀಕರಿಸಿದ್ದು ನಿಜ, ಮಗಳ ನಿಕಾಹ್ ಆದದ್ದು ನಿಜ, ಮುಜ್ತಹಿದ್ ಅದನ್ನು ಓದಿಸಿದ್ದೂ ನಿಜ. ವಿಲ್‌ನಲ್ಲಿ ಅಳಿಯ ಬರೆಯದೆ ಬಿಟ್ಟದ್ದನ್ನು ಸುಮಾರು ನಲವತ್ತು ವರ್ಷಗಳ ನಂತರ ಅತ್ತೆ ಸೇರಿಸಿದಳು. ಕಂಪೆನಿ ಗುಟ್ಟಾಗಿ ವಿಚಾರಣೆ ನಡೆಸಿದಾಗ ಈಕೆಯನ್ನು ಕರೆದು ಕೇಳಿರಲಿಲ್ಲ.

1847ರಲ್ಲಿ ಶರಫುನ್ನಿಸಾ ಬೇಗಂ ತೀರಿಕೊಂಡಳು. ನಾನಿ ಮೊಮ್ಮಗಳು ಒಬ್ಬರನ್ನೊಬ್ಬರು ನೋಡಲಿಲ್ಲ. ಮಗಳ ರಂಗ್ ಮಹಲನ್ನು 1860ರಲ್ಲಿ ಆಗಿನ ರೆಸಿಡೆಂಟ್ ಕೆಡವಿಸಿದ. ರಸೆಲ್ ಸಾಯುವಾಗ ಚಿನ್ನರಿಯ ಚಿತ್ರವನ್ನು ಕಿಟ್ಟಿಯ ಹೆಸರಿಗೆ ಬಿಟ್ಟಿದ್ದ. ಅವಳು 1889ರವರೆಗೆ, ತುಂಬು ವಯಸ್ಸಿನ ತನಕ ಬದುಕಿ, ಇಂಗ್ಲೆಂಡಿನ ಕಡಲ ದಂಡೆಯ ಟಾರ್ಕೀ ಎಂಬ ಊರಿನಲ್ಲಿ ಕಣ್ಣು ಮುಚ್ಚಿದಳು. ಹೈದರಾಬಾದಿಗೆ ಮತ್ತೆ ಬರಲಿಲ್ಲ.