ನವಿಲಿತ್ತು, ಕೊಳಲೆಲ್ಲಿತ್ತು?

ಹೋದ ವಾರ ರಾತ್ರಿ ಹತ್ತೂವರೆಗೆ ಅಕ್ಕನ ಫೋನು. ಮಗನಿಗೆ ಸ್ಕೂಲಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರಂತೆ: ಒಂದು ಸಂಗೀತ ಕೇಳಿ, ಅದನ್ನ ಕಾಗದದಲ್ಲಿ ಶಿಲ್ಪ ಮಾಡ್ಕೊಂಡು ಬರಬೇಕು. "ನೀನು ಇಂಜಿನಿಯರ್ ಅಲ್ವೇನೋ, ಸ್ವಲ್ಪ ಬಾರೋ" ಅಂದ್ಲು. ಹೋಗಿ ನೋಡಿದ್ರೆ ಹುಡುಗ ಕೊಳಲು ಕೇಳಿ ನವಿಲು ಮಾಡಿದ್ದ. ಗರಿಗೆ ಅಂಟು ಹಚ್ಚಿಕೊಟ್ಟು ಬಂದೆ. ದಾರಿಯಲ್ಲಿ ಒಂದೇ ಕೊರೆತ: ನವಿಲೇನೋ ಇತ್ತು, ಕೊಳಲೆಲ್ಲಿತ್ತು?

ನೂರು ವರ್ಷದ ಹಿಂದೆ ಇಂಥ ಪ್ರಶ್ನೆಗೆ ತಲೆ ಕೆಡಿಸಿಕೊಂಡ ಶಾಲೆ ಒಂದಿತ್ತು. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಶುರುವಾದ ಬೌಹೌಸ್. ನಾವು ಕೂರುವ ಆಫೀಸ್ ಕುರ್ಚಿಯಿಂದ ಮೊಬೈಲ್ ಆ್ಯಪ್‌ನ ವಿನ್ಯಾಸದವರೆಗೆ ಅದರ ನೆರಳಿದೆ. ಅಲ್ಲಿ ಗೆರ್ಟ್ರೂಡ್ ಗ್ರುನೋವ್ ಎಂಬ ಸಂಗೀತ ಶಿಕ್ಷಕಿ ಸ್ವರ, ಬಣ್ಣ, ಮೈಯ ಚಲನೆ ಮೂರನ್ನೂ ಸೇರಿಸಿ ಪಾಠ ಮಾಡ್ತಿದ್ದರು. ಚಿತ್ರಕಾರ ಪಾಲ್ ಕ್ಲೇ ಒಳ್ಳೇ ಪಿಟೀಲುಗಾರರೂ ಹೌದು. 1922ರ ಒಂದು ಪಾಠದಲ್ಲಿ ಅವರು ಬಾಖ್‌ನ ಸಂಗೀತದ ತುಣುಕನ್ನ ಗ್ರಾಫ್ ಥರ ಬರೆದು ತೋರಿಸಿದರು: ಅಡ್ಡಕ್ಕೆ ಕಾಲ, ಉದ್ದಕ್ಕೆ ಸ್ವರದ ಎತ್ತರ.

ಕಾಗದದ ಪಾಠ ಯೋಸೆಫ್ ಆಲ್ಬರ್ಸ್ ಅವರದು. ಶಾಲೆ ಆಗ ಡೆಸೌಗೆ ಬಂದಿತ್ತು. ಅವರ ಶಿಷ್ಯನೊಬ್ಬ ನೆನಪಿಸಿಕೊಂಡಿದ್ದಾನೆ: ಮೇಷ್ಟ್ರು ಹಳೇ ನ್ಯೂಸ್‌ಪೇಪರ್ ಕಟ್ಟು ತಂದು ಹಂಚಿ, ಏನಾದ್ರೂ ಮಾಡಿ ಅಂತ ಹೇಳಿ ಹೊರಟೇಹೋದರಂತೆ. ಆಗೋದಾದ್ರೆ ಕತ್ತರಿ, ಅಂಟೂ ಬೇಡ. ಹುಡುಗರು ಕೋಟೆ, ಹಡಗು, ಮುಖವಾಡ ಎಲ್ಲ ಮಾಡಿದರು. ಆಲ್ಬರ್ಸ್ ಮೆಚ್ಚಿದ್ದು, ಹಾಳೆಯನ್ನ ಉದ್ದಕ್ಕೆ ಮಡಚಿ ಸುಮ್ಮನೆ ನಿಲ್ಲಿಸಿದ್ದವನನ್ನ! ಮಲಗಿರೋ ಕಾಗದ ಒಂದೇ ಮಡಿಕೆಗೆ ಎದ್ದು ನಿಂತಿತ್ತಲ್ಲ, ಅದಕ್ಕೆ. ನಮ್ಮೂರ ಶಾಲೆಯಲ್ಲಿ ಹೀಗೆ ಮಡಚಿಟ್ಟಿದ್ದರೆ "ಅರ್ಧ ಬಿಟ್ಯಾಕೋ?" ಅಂತ ಕಿವಿ ಹಿಂಡಿಸಿಕೊಳ್ಳೋದೇ.

ಈ ಎರಡು ಎಳೆ ಸೇರಿದ್ದು 1928ರಲ್ಲಿ. ಹೈನ್‌ರಿಶ್ ನಾಯ್‌ಗೆಬೋರೆನ್ ಅಂತ ಒಬ್ಬ ಸಂಗೀತಗಾರ ಅಲ್ಲಿಗೆ ಬಂದು ಬಾಖ್‌ನ ಇ-ಫ್ಲಾಟ್ ಮೈನರ್ ಫ್ಯೂಗ್ ಎತ್ತಿಕೊಂಡ. ಫ್ಯೂಗ್ ಅಂದರೆ ಒಂದೇ ಪಲ್ಲವಿಯನ್ನ ಹಲವು ದನಿಗಳು ಒಂದರ ಹಿಂದೊಂದು ಹಿಡಿದು ಹೆಣೆಯೋ ರಚನೆ. ಇದರಲ್ಲಿ ಮೂರು ದನಿ. 52ರಿಂದ 55ನೇ ಬಾರ್‌ವರೆಗೆ, ಬರೀ ನಾಲ್ಕೇ ಬಾರ್. (ಶುಕ್ರವಾರ ಸಂಜೆ ಹೋಗೋ ಬಾರ್ ಅಲ್ಲ, ನಮ್ಮ ತಾಳದ ಆವರ್ತದ ಹಾಗೆ ಒಂದು ಅಳತೆ.) ಕಾಗದದ ಪಟ್ಟಿಗಳನ್ನ ನಿಲ್ಲಿಸಿದ. ಸ್ವರ ಏರಿದರೆ ಪಟ್ಟಿ ಏರುತ್ತೆ, ಇಳಿದರೆ ಇಳಿಯುತ್ತೆ, ಪ್ರತಿ ದನಿಗೂ ಅದರದೇ ಸಾಲು. ಭಾವನೆ ಹರಿಸೋದು ಅವನ ಉದ್ದೇಶವೇ ಆಗಿರಲಿಲ್ಲ, ಲೆಕ್ಕ ತಪ್ಪದೆ ಇಳಿಸೋದು. ಆದರೂ ಅದರ ಫೋಟೋ ನೋಡಿದಾಗ ನನಗೆ ಮೈ ಜುಂ ಅಂತು. ಕೋಡ್ ಬರೆಯೋರಿಗೆ ಇದು ಅರ್ಥವಾಗುತ್ತೆ ಅನ್ಸುತ್ತೆ.

1933ರಲ್ಲಿ ನಾಜಿಗಳ ಒತ್ತಡಕ್ಕೆ ಬೌಹೌಸ್ ಮುಚ್ಚಿತು. ನಾಯ್‌ಗೆಬೋರೆನ್ 1959ರಲ್ಲಿ ತೀರಿಕೊಂಡ. ಆಮೇಲೆ ಆ ನಾಲ್ಕು ಬಾರ್ ಜರ್ಮನಿಯ ಲೆವರ್ಕುಸೆನ್‌ನಲ್ಲಿ ಉಕ್ಕಿನಲ್ಲಿ ಎದ್ದು ನಿಂತವು.

ಭಾನುವಾರ ಮತ್ತೆ ಅಕ್ಕನ ಮನೆಗೆ ಹೋದೆ. ಹಳೇ ಕ್ಯಾಲೆಂಡರ್ ಹರಿದು ಎಂಟು ಪಟ್ಟಿ ಕತ್ತರಿಸಿದ್ವಿ, ಸರಳೆ ವರಸೆಯ ಮೊದಲ ಸಾಲಿಗೆ. ಸ ಗಿಡ್ಡ, ರಿ ಸ್ವಲ್ಪ ಎತ್ತರ, ಹೀಗೆ ಮೇಲಿನ ಸ ತನಕ. ಹುಡುಗ ಬೆರಳಿಟ್ಟು ಹಾಡ್ತಾ ಹೋದ. ಮೇಲೆ ಮುಟ್ಟಿ ನಿಂತು ಕೇಳಿದ: "ಮಾವ, ಇಳಿಯೋದಕ್ಕೆ ಪಟ್ಟಿ?"

ಡಿಸೆಂಬರ್ ಹಾಳೆ ಇನ್ನೂ ಉಳಿದಿತ್ತು.