ಹನ್ನೊಂದೂವರೆ ಪೌಂಡು

1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಭೀಮರಾವ್ ಅಂಬೇಡ್ಕರರಿಗೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟರು. ತಿಂಗಳಿಗೆ ಹನ್ನೊಂದೂವರೆ ಪೌಂಡು. ಆ ಹಣದಲ್ಲೇ ಅಂಬೇಡ್ಕರರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ್ದು. ಓದಿ ಬಂದವರು ಸಂಸ್ಥಾನದ ನೌಕರಿ ಮಾಡಬೇಕೆಂಬ ಕರಾರಿತ್ತು. ಹಣದ ಅವಧಿ ಮುಗಿದು, ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು 1917ರಲ್ಲಿ ಅವರು ಬರೋಡಾಕ್ಕೆ ಬಂದರೆ ಇರಲು ಒಂದು ಕೋಣೆ ಸಿಗಲಿಲ್ಲ. ಸೇರಿಕೊಂಡಿದ್ದ ಪಾರ್ಸಿ ವಸತಿಗೃಹದಿಂದಲೂ ಹೊರಹಾಕಿದರು. ಮತ್ತೆ ಲಂಡನ್ನಿಗೆ ಹೋಗಲು 1920ರ ತನಕ ಕಾಯಬೇಕಾಯಿತು. ಆಗ ಜೊತೆಗಿದ್ದದ್ದು ಸ್ವಂತ ಉಳಿತಾಯ, ಗೆಳೆಯನ ಸಾಲ, ಕೊಲ್ಹಾಪುರದ ಶಾಹು ಮಹಾರಾಜರ ನೆರವು.

ಇದೇ ಕಾಲಕ್ಕೆ ನಮ್ಮ ಮೈಸೂರು ಸಂಸ್ಥಾನದಲ್ಲಿ ಬೇರೊಂದು ಜಗಳ ನಡೆದಿತ್ತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಹೇಗೆ, ಉನ್ನತ ಶಿಕ್ಷಣಕ್ಕೆ ವಿಶೇಷ ಸೌಲಭ್ಯ ಬೇಕೆ ಎಂಬುದು ಅದರ ಮುಂದಿದ್ದ ಪ್ರಶ್ನೆ. ಅರ್ಹತೆಗೆ ಕುಂದು ಬರುತ್ತದೆಂದು ದಿವಾನ ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಹುದ್ದೆ ಬಿಟ್ಟು ನಡೆದರು. ಬಡತನದಿಂದ ಬಂದ ಅವರು ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ಇದನ್ನು ಅವರನ್ನು ಹಳಿಯಲು ಹೇಳುತ್ತಿಲ್ಲ. ತನ್ನ ಕೈಹಿಡಿದ ಏಣಿಯನ್ನು ಅರ್ಹತೆಯೆಂದೇ ತಿಳಿಯುವುದು ಸಹಜ. ಆದರೆ ಶಾಲೆಯ ಬಾಗಿಲವರೆಗೆ ಬರಲಾಗದವನ ಅರ್ಹತೆಯನ್ನು ಯಾವ ಪರೀಕ್ಷೆಯೂ ಅಳೆಯುವುದಿಲ್ಲ ಎನ್ನುವುದು ಮಿಲ್ಲರ್ ಸಮಿತಿಯ ಹಿಂದಿದ್ದ ಒತ್ತಾಯ. ನನಗೆ ಆ ಕಡೆಯ ವಾದವೇ ಸರಿ ಅನ್ನಿಸುತ್ತದೆ.

ಅಂಕಕ್ಕೂ ಅದರದ್ದೇ ಲೆಕ್ಕಾಚಾರ ಇದೆ. ಧಾರವಾಡದಲ್ಲಿ ಗಿರೀಶ ಕಾರ್ನಾಡರು ಗಣಿತ, ಸಂಖ್ಯಾಶಾಸ್ತ್ರ ಆರಿಸಿಕೊಂಡದ್ದು ಅದರಲ್ಲಿ ಹೆಚ್ಚು ಅಂಕ ಬರುತ್ತದೆ, ಪ್ರಥಮ ದರ್ಜೆ ಬಂದರೆ ವಿದೇಶಕ್ಕೆ ಹೋಗಬಹುದು ಎಂದು. ಹಾಗೆಂದು ಅವರೇ ಹೇಳಿಕೊಂಡಿದ್ದರು. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ 1960ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅದೇ ಅಂಕ ತೆಗೆದ ಹೆಣ್ಣುಮಗಳೊಬ್ಬಳು ಆಗ ಅರ್ಜಿ ಹಾಕುವಂತಿರಲಿಲ್ಲ. ರೋಡ್ಸ್ ಹೆಂಗಸರಿಗೆ ತೆರೆದದ್ದು 1977ರಲ್ಲಿ.

ಪರಿಶಿಷ್ಟ ಜಾತಿಯವರು ವಿದೇಶದಲ್ಲಿ ಓದಲು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಿಂದ ಇದೆ. ಈಗ ವರ್ಷಕ್ಕೆ ಎಲ್ಲ ಸೇರಿ 125 ಮಂದಿಗೆ. 2022ರಲ್ಲಿ ನಿಯಮ ಬದಲಾಯಿತು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ವಿಷಯಗಳಿಗೆ ಹಣ ಇಲ್ಲ. ಅವನ್ನು ಇಲ್ಲೇ ಓದಬಹುದಲ್ಲ ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ. ಇತಿಹಾಸದ ಸಂಶೋಧನೆ ಮಾಡುವ ನನಗೆ ನೆನಪಾಗುವುದು 1916ರ ಮೇ 9. ಅಂದು ಅಂಬೇಡ್ಕರರು ಕೊಲಂಬಿಯಾದ ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳ ಹುಟ್ಟಿನ ಬಗ್ಗೆ ಪ್ರಬಂಧ ಓದಿದರು. ಹನ್ನೊಂದೂವರೆ ಪೌಂಡಿಗೆ ಅಂಥ ಷರತ್ತು ಇರಲಿಲ್ಲ.

ನಮ್ಮ ಐ.ಡಿ.ಹಳ್ಳಿ ಕಡೆ ಆಕ್ಸ್‌ಫರ್ಡಿನ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಆಂಧ್ರದ ಗಡಿಗೆ ಅಂಟಿದ ಹೋಬಳಿ ಇದು. ಇಲ್ಲಿ ಸ್ಕಾಲರ್‌ಶಿಪ್ ಎಂದರೆ ಎಂಟನೇ ತರಗತಿಯ ಎನ್‌ಎಂಎಂಎಸ್. ಪಾಸಾದರೆ ಒಂಬತ್ತರಿಂದ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ. ಎರಡು ಪತ್ರಿಕೆ, ಒಂದೊಂದರಲ್ಲಿ 90 ಪ್ರಶ್ನೆ. ಎರಡನೆಯದರಲ್ಲಿ ಗಣಿತಕ್ಕೆ 20, ಇತಿಹಾಸವೂ ಸೇರಿದ ಸಮಾಜ ವಿಜ್ಞಾನಕ್ಕೆ 35.