ಕೂಗಿದ ಹೆಸರು ಗೋಡೆ ದಾಟಲ್ಲ

ಫೋನಲ್ಲಿ ವಿಡಿಯೊ ನೋಡ್ತಾ ಇರ್ತೀರಿ, ದೊಡ್ಡದಾಗಿ ನೋಡೋಣ ಅಂತ ಕಾಸ್ಟ್ ಬಟನ್ ಒತ್ತುತ್ತೀರಿ. ಟಿವಿಯ ಹೆಸರು ಬಂದೇಬಿಡುತ್ತೆ. ಅದೇ ಫೋನನ್ನು ಗೆಸ್ಟ್ ವೈಫೈಗೆ ಹಾಕಿ ನೋಡಿ, ಎಷ್ಟೋ ಸಲ ಟಿವಿ ಮಾಯ! ಎದುರಿಗೇ ಇದ್ದರೂ ಫೋನಿಗೆ ಕಾಣಲ್ಲ. ಯಾಕೆ? ಅದನ್ನು ತಿಳಿಯೋಕೆ 40 ವರ್ಷ ಹಿಂದೆ ಹೋಗಬೇಕು.

1983. ಐಬಿಎಂ ಪಿಸಿಗಳನ್ನು ಒಂದಕ್ಕೊಂದು ಜೋಡಿಸೋಕೆ ಸೈಟೆಕ್ ಅನ್ನೋ ಕಂಪನಿ ನೆಟ್‌ಬಯೋಸ್ ರೂಪಿಸಿತು. ಅದರ ನಿಯಮ ಸರಳ. ಹೊಸ ಕಂಪ್ಯೂಟರ್ ಆನ್ ಆದಾಗ, 'ಈ ಹೆಸರು ನಂದು, ಯಾರದಾದ್ರೂ ತಕರಾರಿದ್ಯಾ?' ಅಂತ ಎಲ್ಲರಿಗೂ ಕೇಳಿಸೋ ಹಾಗೆ ಕೂಗುತ್ತೆ. ಯಾರೂ ಮಾತಾಡದಿದ್ದರೆ ಹೆಸರು ಅದರದ್ದೇ. ಇನ್ನೊಂದನ್ನು ಹುಡುಕಬೇಕಾದರೂ ಹೆಸರು ಹಿಡಿದು ಕೂಗೋದೇ. ಆ ಹೆಸರಿನದ್ದು ಓಗೊಡುತ್ತೆ. ಇದೇ ಬ್ರಾಡ್‌ಕಾಸ್ಟ್.

ಹತ್ತು ಮನೆಗಳ ವಠಾರದಲ್ಲಿ ಇದು ಚೆನ್ನಾಗೇ ನಡೆಯುತ್ತೆ. ಆದರೆ ಕಚೇರಿಗಳು ಬೆಳೆದವು. ಮಹಡಿಗೊಂದು ನೆಟ್‌ವರ್ಕ್, ನಡುವೆ ರೂಟರ್. ರೂಟರ್ ಸಾಮಾನ್ಯವಾಗಿ ಈ ಕೂಗನ್ನು ಆಚೆಗೆ ಬಿಡಲ್ಲ. ಬಿಟ್ಟರೆ ಒಂದು ವಠಾರದ ಗದ್ದಲ ಊರಿಗೆಲ್ಲ ಕೇಳಿಸುತ್ತೆ.

ಹಾಗಾದರೆ ಗೋಡೆಯಾಚೆ ಇರೋರನ್ನು ಹುಡುಕೋದು ಹೇಗೆ? ಮೊದಲ ಉಪಾಯ, ಎಲ್‌ಎಂಹೋಸ್ಟ್ಸ್ ಅನ್ನೋ ಫೈಲ್. ಹೆಸರು, ವಿಳಾಸ, ಎಲ್ಲ ಕೈಯಲ್ಲೇ ಬರೆದಿಡಬೇಕು. ನಾನು ಮೊದಲು ಕೆಲಸಕ್ಕೆ ಸೇರಿದ ಕಚೇರಿಯಲ್ಲಿ ಅದನ್ನು ಮಾಡಿದ್ದೀನಿ. ಪ್ರಿಂಟರ್ ಕಂಪ್ಯೂಟರಿನ ವಿಳಾಸ ಬದಲಾದ ದಿನ, ಮೂರು ಮಹಡಿ ಹತ್ತಿಳಿದು ಒಂದೊಂದೇ ಸಿಸ್ಟಂನಲ್ಲಿ ಅದೇ ಸಾಲು ತಿದ್ದಿದೆ. ಒಂದನ್ನು ಮರೆತೆ. ಬೈಗುಳ ತಿಂದೆ.

ಎರಡನೇ ಉಪಾಯ, ಎಲ್ಲರ ಹೆಸರನ್ನೂ ಒಂದೇ ಕಡೆ ನೋಂದಾಯಿಸೋದು. 1987ರ ನೆಟ್‌ಬಯೋಸ್ ಮಾನದಂಡದಲ್ಲೇ ಇಂಥ ನೇಮ್ ಸರ್ವರ್ ಪ್ರಸ್ತಾಪ ಇತ್ತು. 1994ರಲ್ಲಿ ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ 3.5 ಜೊತೆ ವಿನ್ಸ್ ತಂದಿತು. ಕೂಗೋ ಬದಲು ನೇರ ಹೋಗಿ ವಿಚಾರಿಸೋದು. ಇದಕ್ಕೆ ರೂಟರ್ ಅಡ್ಡ ಬರಲ್ಲ. ವಿಂಡೋಸ್ 2000 ಹೊತ್ತಿಗೆ ಆ ಕೆಲಸ ಡಿಎನ್‌ಎಸ್ ಪಾಲಾಯ್ತು. ಇದು ಇಂಟರ್‌ನೆಟ್‌ಗಾಗಿ ಪಾಲ್ ಮೊಕಾಪೆಟ್ರಿಸ್ 1983ರಲ್ಲೇ ರೂಪಿಸಿದ್ದ ವ್ಯವಸ್ಥೆ.

ಆದರೆ ಮನೆಯಲ್ಲಿ ಸರ್ವರ್ ಇಟ್ಟು ನೋಡಿಕೊಳ್ಳೋರು ಯಾರು? ಅದಕ್ಕೇ ಕೂಗು ವಾಪಸ್ ಬಂತು. 2002ರಲ್ಲಿ ಆಪಲ್ ತಂದ ರಾಂದೆವೂ, ಆಮೇಲೆ ಬೋಂಜೂರ್ ಅಂತ ಹೆಸರು ಬದಲಿಸಿಕೊಂಡಿತು. ಅದರ ಒಳಗಿದ್ದ ಎಂಡಿಎನ್‌ಎಸ್, 2013ರಲ್ಲಿ ಎಲ್ಲರೂ ಬಳಸಬಹುದಾದ ಮಾನದಂಡವಾಯ್ತು. ನಿಮ್ಮ ಕಾಸ್ಟ್ ಬಟನ್ ಟಿವಿಯನ್ನು ಹುಡುಕೋದು ಇದರಿಂದಲೇ. ಇದೂ ಒಂದೇ ವಠಾರದ ಕೂಗು. ಗೆಸ್ಟ್ ವೈಫೈ ಸಾಮಾನ್ಯವಾಗಿ ಬೇರೆ ವಠಾರ. ಟಿವಿಗೆ ಕೇಳಿಸಲ್ಲ, ಅಷ್ಟೇ.

ಹಾಗಂತ ಈ ಗೋಡೆ ಬರೀ ತೊಂದರೆ ಅಂದುಕೊಳ್ಳಬೇಡಿ. ಹೆಸರು ಕೂಗೋ ಪದ್ಧತಿಯಲ್ಲಿ ದೊಡ್ಡ ದೋಷ ಒಂದಿದೆ: ಯಾರು ಬೇಕಾದರೂ 'ನಾನೇ ಅದು' ಅಂತ ಓಗೊಡಬಹುದು. ಅದೇ ನೆಟ್‌ವರ್ಕಿನಲ್ಲಿ ಕೂತ ಕಳ್ಳ, ಕಚೇರಿಯ ಸರ್ವರ್ ತಾನೇ ಅಂತ ಸುಳ್ಳು ಹೇಳಿ ವಿಂಡೋಸ್ ಲಾಗಿನ್ ವಿವರ ಎಗರಿಸಿಕೊಳ್ಳೋ ದಾಳಿ ಇವತ್ತಿಗೂ ನಡೆಯುತ್ತೆ. 1983ರ ಆ ನಿಯಮದಲ್ಲಿ ಎಲ್ಲರೂ ಪರಿಚಯದವರೇ ಅನ್ನೋ ನಂಬಿಕೆ ಇತ್ತು. ಕೆಫೆಯ ವೈಫೈಯಲ್ಲಿ ಪಕ್ಕದ ಟೇಬಲ್‌ನಲ್ಲಿ ಕೂತೋರು ಯಾರು ಅಂತ ನಮಗೆ ಗೊತ್ತಾ?

ಮನೆಗೆ ಬಂದೋರಿಗೆ ಗೆಸ್ಟ್ ಪಾಸ್‌ವರ್ಡನ್ನೇ ಕೊಡಿ. ಟಿವಿ ಕಾಣ್ತಿಲ್ಲ ಅಂತ ಅವರು ದೂರಿದರೆ, ಈ ಕಥೆ ಹೇಳಿ.